ಎತ್ತಿನ ಗೊರಸಿಗೆ ಕಬ್ಬಿಣ ಬಂದ ದಾರಿ

ಎತ್ತಿಗೆ ಕಾಲು ನಾಲ್ಕೇ ಆದರೂ ಲಾಳ ಎಂಟು ಬೇಕು. ಕುದುರೆಯ ಗೊರಸು ಇಡಿಯಾದ ಒಂದೇ ಚಿಪ್ಪು. ಎತ್ತಿನದು ನಡುವೆ ಸೀಳಿದ್ದು. ಹೆಜ್ಜೆ ಊರಿದಾಗ ಎರಡು ಹೋಳೂ ಅಗಲುತ್ತವೆ, ಎತ್ತಿದಾಗ ಕೂಡುತ್ತವೆ. ಎರಡನ್ನೂ ಸೇರಿಸಿ ಒಂದೇ ಕಬ್ಬಿಣ ಬಡಿದರೆ ಆ ಚಲನೆ ನಿಂತು ಪ್ರಾಣಿ ಕುಂಟುತ್ತದೆ. ಅದಕ್ಕೇ ಹೋಳಿಗೊಂದು ತೆಳು ತಗಡು, ಒಂದು ಜೋಡಿಗೆ 16. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹಳ್ಳಿಯ ಬದುಕನ್ನು ಬಣ್ಣಿಸುವವರು ನೇಗಿಲು, ನೊಗ, ಕಪಿಲೆ ಬಾವಿ, ಕಾಂಗೇಯಂ ಎತ್ತು ಇವುಗಳ ಜೊತೆಗೆ ಈ ಲಾಳವನ್ನೂ ಒಂದೇ ಕಂತೆಗೆ ಕಟ್ಟಿ, ಎಲ್ಲವೂ ಅನಾದಿ ಕಾಲದ ಬೇಸಾಯದ ಸೊತ್ತು ಎಂದುಬಿಡುತ್ತಾರೆ. ಕಂತೆಯೊಳಗಿನ ಉಳಿದ ವಸ್ತುಗಳ ಮಾತು ಹೇಗಾದರೂ ಇರಲಿ, ಲಾಳ ಆ ಕಂತೆಗೆ ಸೇರಿದ್ದಲ್ಲ ಎಂಬುದು ನನ್ನ ವಾದ. ಅದು ಹೊಲದಲ್ಲಿ ಹುಟ್ಟಲಿಲ್ಲ. ಹೊರಗಿನಿಂದ ಕುದುರೆಯ ಕಾಲಿಗೆ ಬಂದು, ಎಷ್ಟೋ ಕಾಲ ಕುದುರೆಯ ಬಳಿಯೇ ಉಳಿದು, ಜಲ್ಲಿ ರಸ್ತೆಯೂ ಬಾಡಿಗೆ ಗಾಡಿಯೂ ಬಂದ ಮೇಲೆ ಎತ್ತಿನ ಕಾಲಿಗೆ ಇಳಿಯಿತು. ಕೊಂಗುನಾಡು ಎನ್ನುವ ಈ ಸೀಮೆಯ ಎತ್ತಿನ ಲಾಳಕ್ಕೆ 200 ವರ್ಷದ ಒಳಗಿನ ವಯಸ್ಸು ಹೇಳಬಹುದೇ ಹೊರತು 2000 ವರ್ಷದ್ದಲ್ಲ.

ಮೊದಲು ಮಾತುಗಳನ್ನೇ ನೋಡೋಣ. ಇಲ್ಲಿ ಅವೂ ಸಾಕ್ಷಿ ಹೇಳುತ್ತವೆ. ಪ್ರಾಣಿಯ ಪಾದಕ್ಕೆ ಇರುವ ಹೆಸರುಗಳು ಎಲ್ಲ ಭಾಷೆಗಳಲ್ಲೂ ಬಹಳ ಹಳೆಯವು. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಇಂಗ್ಲಿಷಿನ ‘ಹೂಫ್’ ಎಂಬ ಮಾತು ಜರ್ಮನ್ನಿನ ‘ಹೂಫ್’ಗೆ ಸ್ವಂತ ನಂಟು, ಸಂಸ್ಕೃತದ ‘ಶಫ’ಕ್ಕೆ ದೂರದ ನಂಟು; ಮೂರೂ ಒಂದೇ ಬೇರಿನವು. ಈ ಶಫಕ್ಕೆ ವೇದಕಾಲದಲ್ಲಿ ಇನ್ನೊಂದು ಅರ್ಥವೂ ಇತ್ತು: ಎಂಟನೆಯ ಒಂದು ಪಾಲು. ಪಾದ ಎಂದರೆ ನಾಲ್ಕನೆಯ ಒಂದು ಪಾಲು, ಏಕೆಂದರೆ ಹಸುವಿಗೆ ನಾಲ್ಕು ಕಾಲು. ಶಫ ಎಂದರೆ ಎಂಟರಲ್ಲೊಂದು, ಏಕೆಂದರೆ ಅದರ ಗೊರಸಿನ ಹೋಳುಗಳು ಎಂಟು. ನಾವು ಕನ್ನಡದಲ್ಲಿ ‘ಕಾಲು’, ‘ಅರೆಕಾಲು’ ಎಂದು ಲೆಕ್ಕ ಹಾಕುವಾಗಲೂ ಕಿವಿಗೆ ಬೀಳುವುದು ಇದೇ ಹಸುವಿನ ಗಣಿತ. ಕನ್ನಡದ ಗೊರಸಿಗೆ ತೆಲುಗಿನಲ್ಲಿ ಗೊರಿಜ, ತಮಿಳಿನ ಹಳೆಯ ನಿಘಂಟುಗಳಲ್ಲಿ ಕುರಸು ಎಂಬ ಬಂಧುಗಳಿವೆ. ಕೊಂಗಿನ ತಮಿಳರು ದಿನವೂ ಆಡುವ ‘ಕುಳಂಬು’ ಹಳಗನ್ನಡದ ‘ಕೊಳಗು’ವಿನ ಒಡಹುಟ್ಟು. ತಮಿಳು ಶುದ್ಧಿಯ ಹಟವುಳ್ಳವರು ಕಾಫಿಗೂ ‘ಕುಳಂಬಿ’ ಎಂಬ ಹೆಸರು ಟಂಕಿಸಿದ್ದಾರೆ. ಬೀಜದ ನಡುವಿನ ಸೀಳು ಗೊರಸಿನಂತೆ ಕಾಣುತ್ತದೆಂಬುದು ಅದಕ್ಕೆ ಕೊಡುವ ಕಾರಣ. ಒಟ್ಟಿನಲ್ಲಿ ಗೊರಸನ್ನು ಈ ನಾಡಿನವರು ತಮ್ಮದೇ ಕಣ್ಣಿನಿಂದ ನೋಡಿ, ತಮ್ಮದೇ ಹೆಸರಿಟ್ಟು, ಅದರಿಂದ ಲೆಕ್ಕವನ್ನೂ ಉಪಮೆಯನ್ನೂ ಕಟ್ಟಿಕೊಂಡಿದ್ದಾರೆ.

ಗೊರಸಿನ ಕೆಳಗಿನ ಕಬ್ಬಿಣಕ್ಕೆ ಬಂದರೆ ಈ ಸಿರಿತನ ತಟ್ಟನೆ ನಿಲ್ಲುತ್ತದೆ. ಕನ್ನಡದ ಲಾಳ, ತಮಿಳಿನ ಲಾಡಂ ಎರಡೂ ಅರಬ್ಬಿಯ ‘ನಅಲ್’ ಎಂಬ ಮಾತಿನ ಕಡೆಗೆ ಬೆರಳು ತೋರಿಸುತ್ತವೆ. ಅದಕ್ಕೆ ಅಲ್ಲಿ ಮೆಟ್ಟು ಎಂದು ಅರ್ಥ, ಕುದುರೆಯ ಮೆಟ್ಟು ಎಂದೂ ಅರ್ಥ. ಪಾರಸಿ, ಉರ್ದು, ಮರಾಠಿಗಳ ಮೂಲಕ ‘ನಾಲ್’ ಆಗಿ ದಕ್ಷಿಣಕ್ಕೆ ಇಳಿದು, ಬಾಯಿಂದ ಬಾಯಿಗೆ ಹೋಗುತ್ತ ನಕಾರ ಲಕಾರವಾಯಿತು. ಲಾಳ ಕಟ್ಟುವವನಿಗೆ ಇದ್ದ ನಾಲಬಂದ ಎಂಬ ಹೆಸರು ಉತ್ತರ ಕರ್ನಾಟಕದ ಮುಸ್ಲಿಂ ಮನೆತನಗಳಲ್ಲಿ ಅಡ್ಡಹೆಸರಾಗಿ ಇವತ್ತಿಗೂ ಇದೆ. ನೇಕಾರರ ಲಾಳಿ ಮಾತ್ರ ಬೇರೆಯದು. ನೂಲಿನ ಕಂಡಿಕೆ ಹೊತ್ತು ಮಗ್ಗದಲ್ಲಿ ಓಡಾಡುವ ಆ ಲಾಳಿ ನಾಳ, ಅಂದರೆ ಟೊಳ್ಳು ಕೊಳವೆ ಎಂಬ ಮಾತಿನಿಂದ ಬಂದದ್ದು. ಕೊಯಮತ್ತೂರು ಸೀಮೆಯ ದೇವಾಂಗರ ಮನೆಗಳಲ್ಲಿ ಕನ್ನಡವೂ ಮಗ್ಗವೂ ಒಟ್ಟಿಗೆ ಉಳಿದಿರುವುದರಿಂದ ಈ ಎರಡನ್ನು ಒಂದೇ ಎಂದು ತಿಳಿಯುವ ಅಪಾಯವಿದೆ, ಅದಕ್ಕಾಗಿ ಹೇಳಿದೆ.

ಇಲ್ಲಿ ಒಬ್ಬ ಚುರುಕು ಓದುಗರು ಆಕ್ಷೇಪ ಎತ್ತಬಹುದು. ಹೆಸರು ಹೊರಗಿನದಾದರೆ ವಸ್ತುವೂ ಹೊರಗಿನದೇ ಆಗಬೇಕೆ? ‘ರೈತ’ ಎಂಬ ಮಾತೂ ಅರಬ್ಬಿ ಮೂಲದ್ದೇ. ಅದು ಬರುವ ಮುಂಚೆ ನಮ್ಮಲ್ಲಿ ಉಳುವವರು ಇರಲಿಲ್ಲವೆ? ‘ಜಮೀನು’ ಪಾರಸಿ, ಅದಕ್ಕೆ ಮುಂಚೆ ನೆಲವಿರಲಿಲ್ಲವೆ? ಆಕ್ಷೇಪ ಸರಿಯಾದದ್ದೇ. ಬರೀ ಮಾತಿನ ಮೇಲೆ ಇತಿಹಾಸ ಕಟ್ಟಬಾರದು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ರೈತ ಬಂದರೂ ಒಕ್ಕಲಿಗ, ಬೇಸಾಯಗಾರ ಹೋಗಲಿಲ್ಲ. ಜಮೀನು ಬಂದರೂ ಹೊಲ, ಗದ್ದೆ, ನೆಲ ಜಾಗ ಬಿಡಲಿಲ್ಲ. ಹೊರಗಿನ ಹೆಸರು ಹಳೆಯ ವಸ್ತುವಿನ ಮೇಲೆ ಬಂದು ಕೂತಾಗ ಹಳೆಯ ಹೆಸರು ಹಿತ್ತಿಲಲ್ಲಾದರೂ ಉಳಿದಿರುತ್ತದೆ. ಲಾಳಕ್ಕೆ ಅಂಥ ಹಿತ್ತಿಲ ಹೆಸರು ಬಳಕೆಯ ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ. ನೊಗ, ಮೇಳಿ, ಅಚ್ಚು, ಕೀಲು ಹೀಗೆ ಎತ್ತಿಗೂ ಗಾಡಿಗೂ ಸೇರಿದ ಸಾಮಾನಿನ ಹೆಸರುಗಳು ಮನೆಯವು, ಇಲ್ಲವೆ ಬಹು ಹಿಂದೆಯೇ ಮನೆಯವಾದವು; ಕಾಲಿನ ಕಬ್ಬಿಣ ಒಂದೇ ಪರಸ್ಥಳದ್ದು. ಮಾತು ಇಷ್ಟು ಹೇಳಿದ ಮೇಲೆ ಬೇರೆ ಸಾಕ್ಷಿಗಳು ಏನನ್ನುತ್ತವೆ ಎಂದು ಕೇಳಬೇಕು.

13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಗೆ ಬಂದ ಮಾರ್ಕೊ ಪೋಲೊ ಕುದುರೆ ವ್ಯಾಪಾರದ ಬಗ್ಗೆ ಬರೆದದ್ದು ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಹೊರ್ಮುಜ್, ಏಡನ್ ಮೊದಲಾದ ಬಂದರುಗಳಿಂದ ಇಲ್ಲಿಗೆ ವರ್ಷ ವರ್ಷವೂ ಸಾವಿರಾರು ಕುದುರೆಗಳು ಬರುತ್ತವೆ, ವರ್ಷ ಮುಗಿಯುವುದರೊಳಗೆ ಬಹುಪಾಲು ಸಾಯುತ್ತವೆ ಎನ್ನುತ್ತಾನೆ ಅವನು. ಕಾರಣ, ಇಲ್ಲಿನವರಿಗೆ ಕುದುರೆ ಸಾಕುವುದು ತಿಳಿಯದು, ಲಾಳ ಕಟ್ಟಿ ಮದ್ದು ಮಾಡುವ ಕಸುಬಿನವರೂ ಇಲ್ಲ. ವ್ಯಾಪಾರಿಗಳು ಅಂಥವರನ್ನು ತಾವೂ ಕರೆತರುವುದಿಲ್ಲ, ಬರುವವರನ್ನೂ ಬಿಡುವುದಿಲ್ಲ. ಕುದುರೆ ಬೇಗ ಸತ್ತಷ್ಟೂ ಅವರಿಗೆ ಲಾಭ. ಮಾರ್ಕೊ ಪೋಲೊ ಕಟ್ಟುಕತೆಗಳನ್ನೂ ಧಾರಾಳವಾಗಿ ಸೇರಿಸುವವನು, ನಿಜ. ವ್ಯಾಪಾರಿಗಳ ದುರುದ್ದೇಶದ ಭಾಗವನ್ನು ಬೇಕಾದರೆ ಬಿಟ್ಟುಬಿಡೋಣ. ಆದರೆ ಕುದುರೆಯ ನಾಡುಗಳನ್ನೆಲ್ಲ ದಾಟಿ ಬಂದವನ ಕಣ್ಣಿಗೆ ಲಾಳದವರ ಕೊರತೆ ಎದ್ದು ಕಂಡಿತೆಂಬುದನ್ನು ತಳ್ಳಿಹಾಕಲು ಕಾರಣವಿಲ್ಲ. ಲಕ್ಷಾಂತರ ಎತ್ತುಗಳಿದ್ದ ನಾಡಿನಲ್ಲಿ ಎತ್ತಿಗೆ ಲಾಳ ಕಟ್ಟುವ ರೂಢಿ ಆಗಲೇ ಇದ್ದಿದ್ದರೆ, ಗೊರಸು ಹೆರೆದು ಮೊಳೆ ಹೊಡೆಯಬಲ್ಲ ಕೈಗಳು ಊರೂರಲ್ಲೂ ಇರುತ್ತಿದ್ದವು. ಎಂಟು ತಗಡು ಕೂರಿಸಬಲ್ಲವನಿಗೆ ನಾಲ್ಕು ಕೂರಿಸುವುದು ದೊಡ್ಡ ವಿದ್ಯೆಯಲ್ಲ.

ಇನ್ನೂ ಹಿಂದಕ್ಕೆ, ಸಂಗಂ ಕಾಲಕ್ಕೆ ಹೋದರೂ ಚಿತ್ರ ಬದಲಾಗುವುದಿಲ್ಲ. ಕರಾವಳಿಯ ಉಪ್ಪನ್ನು ಒಳನಾಡಿಗೆ ಒಯ್ಯುತ್ತಿದ್ದ ಉಮಣರ ಗಾಡಿಸಾಲುಗಳನ್ನು ಪೆರುಂಪಾಣಾಟ್ರುಪ್ಪಡೈ ಎಂಬ ಕಾವ್ಯ ವಿವರ ವಿವರವಾಗಿ ಬಣ್ಣಿಸುತ್ತದೆ: ಚಕ್ರ, ಗುಂಬ, ಅಚ್ಚು, ಗಾಡಿಯಲ್ಲಿ ಹೇರಿದ ಮನೆಸಾಮಾನು, ದಣಿದದ್ದರ ಬದಲಿಗೆಂದು ಜೊತೆಗೆ ನಡೆಸುವ ಹೆಚ್ಚಿನ ಎತ್ತುಗಳು. ಪುರನಾನೂರಿನ 102ನೆಯ ಪದ್ಯದಲ್ಲಿ ಅವ್ವೈಯಾರ್, ಉಮಣರು ಗಾಡಿಯ ಅಡಿಗೆ ಕಟ್ಟಿಕೊಳ್ಳುತ್ತಿದ್ದ ಬದಲಿ ಅಚ್ಚನ್ನೇ ಒಬ್ಬ ದೊರೆಗೆ ಹೋಲಿಕೆಯಾಗಿ ತರುತ್ತಾಳೆ. ದೂರದ ದಾರಿಯಲ್ಲಿ ಏನೇನು ಕೈಕೊಡಬಹುದೆಂಬ ಲೆಕ್ಕ ಈ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅಚ್ಚಿಗೆ ಬದಲಿ ಇತ್ತು, ಎತ್ತಿಗೆ ಬದಲಿ ಇತ್ತು. ಗೊರಸು ಸವೆಯುವುದಕ್ಕೆ ಮಾತ್ರ ಬದಲಿ ಎತ್ತೇ ಮದ್ದು. ಕವಿ ಹೇಳದಿದ್ದ ಮಾತ್ರಕ್ಕೆ ಇರಲಿಲ್ಲವೆನ್ನಬಹುದೇ ಎಂದರೆ, ಮೌನದಿಂದ ಹೊರಟ ವಾದ ಯಾವಾಗಲೂ ದುರ್ಬಲವೇ. ಆದರೆ ಮೌನ ಎಲ್ಲಿಯದು ಎಂಬುದನ್ನೂ ನೋಡಬೇಕಲ್ಲ. ಕೋಳಿಗೂಡನ್ನೂ ಉಪ್ಪಿನಕಾಯಿ ಮಡಕೆಯನ್ನೂ ಬಿಡದೆ ಎಣಿಸಿದ ಕಣ್ಣು ಅದು.

ಕಬ್ಬಿಣ ಸಿಗುತ್ತಿರಲಿಲ್ಲವೇನೋ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ನೊಯ್ಯಲ್ ನದಿಯ ದಂಡೆಯ ಕೊಡುಮಣಲ್‌ನಲ್ಲಿ 1980ರ ದಶಕದಿಂದ ನಡೆದ ಉತ್ಖನನಗಳು 2000 ವರ್ಷಕ್ಕೂ ಹಿಂದೆ ಅಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಕುಲುಮೆಗಳನ್ನು ತೋರಿಸಿವೆ. ಕಾಂಗೇಯಂ ಬಳಿಯ ಪಡಿಯೂರಿನ ಬೆರಿಲ್ ಕಲ್ಲು ರೋಮಿನವರೆಗೆ ಹೋಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಕೊಯಮತ್ತೂರಿಗೆ ಅಂಟಿಕೊಂಡ ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳು ರಾಶಿಯಾಗಿ ಸಿಕ್ಕಿವೆ. ಪಾಲಕ್ಕಾಡು ಕಣಿವೆಯ ಕಡೆಗೆ ಹೋಗುವ ದಾರಿಗೆ ಚೋಳರ ಕಾಲದಲ್ಲಿ ರಾಜಕೇಸರಿ ಪೆರುವಳಿ ಎಂಬ ಹೆಸರಿತ್ತೆಂದು ಬಂಡೆಯ ಶಾಸನ ಸಾರುತ್ತದೆ. ಅಂದರೆ ಉಕ್ಕಿತ್ತು, ದಾರಿಯಿತ್ತು, ವ್ಯಾಪಾರವಿತ್ತು, ಎತ್ತುಗಳಂತೂ ಇದ್ದೇ ಇದ್ದವು. ಲಾಳ ಹುಟ್ಟಲು ಬೇಕಾದ ಸಾಮಗ್ರಿಯೆಲ್ಲ ಒಂದೇ ಹೊಳೆಯ ದಡದಲ್ಲಿ ಸೇರಿದ್ದರೂ ಅದು ಹುಟ್ಟಿದ ಗುರುತಿಲ್ಲ. ಹಾಗಿದ್ದರೆ ಕೊರತೆ ಇದ್ದದ್ದು ಸಾಮಗ್ರಿಯದಲ್ಲ, ಅಗತ್ಯದ್ದು.

ಅಗತ್ಯ ಏಕಿರಲಿಲ್ಲ ಎಂಬುದು ಗೊರಸಿನ ಸ್ವಭಾವದಲ್ಲೇ ಇದೆ. ದನದ ಗೊರಸಿನ ಗೋಡೆ ತಿಂಗಳಿಗೆ ಸುಮಾರು 5 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಮಣ್ಣಿನ ಮೇಲೆ ನಡೆದರೆ ಸರಿಸುಮಾರು ಅಷ್ಟೇ ಸವೆಯುತ್ತದೆ. ಬೆಳವಣಿಗೆಯೂ ಸವೆತವೂ ಸಮನಾದಾಗ ಪ್ರಾಣಿಗೆ ಯಾರ ನೆರವೂ ಬೇಕಿಲ್ಲ. ಕಾಂಗೇಯಂ ಸುತ್ತಿನ ಕೊರಂಗಾಡು ಎಂಬ ಮೇವುಗಾವಲುಗಳನ್ನು ಬಲ್ಲವರಿಗೆ ಇದು ಕಣ್ಣಿಗೆ ಕಟ್ಟಿದಂತೆ ಗೊತ್ತು. ಕಿಳುವೆ ಗಿಡದ ಮುಳ್ಳುಬೇಲಿ, ಒಳಗೆ ಕೊಳುಕ್ಕಟ್ಟೈ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ ಮರ, ನೆಲವೆಲ್ಲ ಗರಸು. ಹುಟ್ಟುವಾಗ ಕೆಂಪಗಿದ್ದು ತಿಂಗಳುಗಳು ಕಳೆದಂತೆ ಬೂದುಬಣ್ಣಕ್ಕೆ ತಿರುಗುವ ಕಾಂಗೇಯಂ ಕರು ಇಂಥ ನೆಲದಲ್ಲಿ ಓಡಾಡಿಯೇ ಗಟ್ಟಿ ಗೊರಸಿನ ಎತ್ತಾಗುತ್ತದೆ. ಪಾಳಯಕೋಟ್ಟೈಯ ಪಟ್ಟಗಾರ ಮನೆತನದವರು ಈ ತಳಿಯನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದರು. ಅವರು ಎತ್ತಿ ಹಿಡಿದ ಗುಣಗಳಲ್ಲಿ ದುಡಿಮೆಯ ತ್ರಾಣ ಮುಖ್ಯವಾದದ್ದು, ತ್ರಾಣ ಕಾಲಿನಿಂದ ಶುರುವಾಗುತ್ತದೆ. ಮೈಸೂರು ಸೀಮೆಯ ಹಳ್ಳಿಕಾರ್, ಬರಗೂರು ಬೆಟ್ಟದ ಕನ್ನಡ ಲಿಂಗಾಯತರು ಸಾಕುವ ಬರಗೂರು ತಳಿ, ಈ ಕಾಂಗೇಯಂ, ಎಲ್ಲವನ್ನೂ ಪಶುತಜ್ಞರು ಒಂದೇ ಮೈಸೂರು ಬಗೆಗೆ ಸೇರಿಸುವುದು. ವೇಗದ ನಡೆ, ಸಣ್ಣ ಗಟ್ಟಿ ಗೊರಸು ಇವೆಲ್ಲದರ ಸಾಮಾನ್ಯ ಗುರುತು. ಇಂಥ ಎತ್ತಿಗೆ ಕಬ್ಬಿಣದ ಮೆಟ್ಟು ಬೇಕೆಂದರೆ ನೆಲವೇ ಬದಲಾಗಿರಬೇಕು.

ಇದಕ್ಕೆ ಇನ್ನೊಂದು ಒರೆಗಲ್ಲು ಕಪಿಲೆ ಬಾವಿ. ಕೊಂಗಿನಲ್ಲಿ ಮಳೆ ಕಡಿಮೆ, ಬಾವಿ ಹೆಚ್ಚು. ತೋಟದ ಬೆಳೆಯೆಲ್ಲ ಬಾವಿಯ ನೀರಿನದು. ಆ ನೀರನ್ನು ಮೇಲಕ್ಕೆಳೆದದ್ದು ಎತ್ತು. ಬಾವಿಯ ಬಾಯಿಂದ ಇಳಿಜಾರಾಗಿ ಅಗೆದ ಹಾದಿಯಲ್ಲಿ ಜೋಡಿ ಎತ್ತು ಹಗ್ಗ ಎಳೆಯುತ್ತ ಇಳಿಯಬೇಕು, ಚರ್ಮದ ಬಾನಿ ತುಂಬಿ ಮೇಲೆ ಬಂದು ಕಾಲುವೆಗೆ ಸುರಿಯಬೇಕು, ಎತ್ತು ಹಿಮ್ಮೆಟ್ಟಿಯೋ ತಿರುಗಿಯೋ ಮತ್ತೆ ಹತ್ತಬೇಕು. ಬೆಳಗಿನ ನಸುಕಿನಿಂದ ಹೊತ್ತೇರುವವರೆಗೆ ಇದೇ. ದೇಹಕ್ಕೆ ಇದಕ್ಕಿಂತ ಭಾರದ ದುಡಿಮೆ ಈ ನಾಡಿನ ಎತ್ತಿಗೆ ಬೇರೆ ಇರಲಿಲ್ಲ. ಆದರೆ ಅದು ಮಣ್ಣಿನ ಹಾದಿ, ಎತ್ತಿನ ಕಾಲು ತಾನೇ ತುಳಿದು ಮೆತ್ತಗೆ ಮಾಡಿಕೊಂಡದ್ದು. ಇಳಿಜಾರಿನಲ್ಲಿ ಗೊರಸಿನ ಅಂಚು ಮಣ್ಣನ್ನು ಕಚ್ಚಬೇಕು. ನುಣುಪು ಕಬ್ಬಿಣ ಅಲ್ಲಿ ಜಾರುತ್ತದೆ. ಗದ್ದೆಯ ಕೆಸರಲ್ಲೂ ಹಾಗೇ, ಲಾಳದ ಮೊಳೆ ಸಡಿಲವಾಗಿ ಕಿತ್ತು ಬರುತ್ತದೆ. ಬೇಸಾಯದ ಎರಡು ದೊಡ್ಡ ಕೆಲಸಗಳಿಗೂ ಲಾಳದಿಂದ ಉಪಯೋಗವಿಲ್ಲ, ತೊಂದರೆಯೇ ಹೆಚ್ಚು. ಅನಾದಿ ಬೇಸಾಯದ ಕಂತೆಯಿಂದ ಅದನ್ನು ಬಿಚ್ಚಿ ತೆಗೆಯಲು ಇಷ್ಟೇ ಸಾಕೆಂದು ನನಗನ್ನಿಸುತ್ತದೆ.

ಮೈಸೂರು ಅರಸರ ಕಾಲವನ್ನು ಹೆಚ್ಚು ಹಿಗ್ಗಿಸಬೇಕಿಲ್ಲ. 17ನೆಯ ಶತಮಾನದಿಂದ 1799ರವರೆಗೆ ಕೊಯಮತ್ತೂರು ಬಹುಮಟ್ಟಿಗೆ ಮೈಸೂರಿನ ಕೈಯಲ್ಲಿತ್ತು. ಗಜಲಹಟ್ಟಿ ಕಣಿವೆಯಿಂದ ದಂಡು ಇಳಿಯುತ್ತಿತ್ತು, ಏರುತ್ತಿತ್ತು. ಹೈದರಲಿ, ಟಿಪ್ಪುವಿನ ರಾವುತರ ಜೊತೆ ನಾಲಬಂದರೂ ಬಂದರೆನ್ನುವುದು ಸಹಜ, ಲಾಡಂ ಎಂಬ ಮಾತು ಈ ಸೀಮೆಯಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದೂ ಇಂಥ ದಂಡುಗಳಿಂದಲೇ ಇರಬೇಕು. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂದು ಕಟ್ಟಿ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಸರ್ಕಾರಿ ದನಗಳು ಫಿರಂಗಿ ಎಳೆದವು ನಿಜ. ಆದರೆ ದಂಡಿನ ಎತ್ತು ಊರಿನ ಎತ್ತಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರಿನಿಂದ ಹೊರಟು ಕೊಯಮತ್ತೂರು ದಾಟಿ ಮಲಬಾರಿಗೆ ಹೋದಾಗ ಆ ದಾರಿಗಳ ಸರಕು ಬಹುಪಾಲು ಹೇರೆತ್ತಿನ ಬೆನ್ನ ಮೇಲಿತ್ತು. ಹೇರೆತ್ತು ಗುಂಪಾಗಿ, ನಿಧಾನಕ್ಕೆ, ದಾರಿಬದಿಯ ಹುಲ್ಲು ಮೇಯುತ್ತ ಹೋಗುತ್ತದೆ. ಮೆತ್ತನೆಯ ಜಾಡು ಹುಡುಕಿ ಹೆಜ್ಜೆ ಇಡುವ ಸ್ವಾತಂತ್ರ್ಯ ಅದಕ್ಕಿದೆ. ರಾಜಕೇಸರಿ ಪೆರುವಳಿಯಲ್ಲಿ ಸಾವಿರ ವರ್ಷ ವ್ಯಾಪಾರ ನಡೆದರೂ ಲಾಳ ಬೇಕಾಗಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಈ ಸ್ವಾತಂತ್ರ್ಯದಲ್ಲಿದೆ. ನೊಗಕ್ಕೆ ಕಟ್ಟಿದ ಎತ್ತಿಗೆ ಅದಿಲ್ಲ. ರಸ್ತೆ ಎಲ್ಲಿಯೋ ಹೆಜ್ಜೆ ಅಲ್ಲೇ.

ಆ ರಸ್ತೆ ಬಂದದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1815ರಿಂದ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ ನೀಲಗಿರಿಯ ತಂಪಿಗೆ ಮರುಳಾಗಿ ಸಿರುಮುಗೈ ಕಡೆಯಿಂದ ಕೋಟಗಿರಿಗೆ ಹಾದಿ ಕಡಿಸಿದ. 1830ರ ದಶಕದ ಆರಂಭದಲ್ಲಿ ಕೂನೂರು ಘಾಟಿಯ ರಸ್ತೆ ತೆರೆಯಿತು. ಅಲ್ಲಿಂದ ಮುಂದೆ ಉದಕಮಂಡಲದ ದೊರೆಗಳಿಗೆ ಬೇಕಾದ ಅಕ್ಕಿ, ಎಣ್ಣೆ, ಪೀಠೋಪಕರಣ, ಸಾರಾಯಿ ಎಲ್ಲವನ್ನೂ ಮೆಟ್ಟುಪಾಳ್ಯದಿಂದ ಬೆಟ್ಟಕ್ಕೆ ಎಳೆದದ್ದು ಎತ್ತಿನ ಗಾಡಿ. ರೈಲು 1862ರಲ್ಲಿ ಪೋದನೂರಿಗೆ, 1873ರಲ್ಲಿ ಮೆಟ್ಟುಪಾಳ್ಯಕ್ಕೆ ಬಂತು. ಬೆಟ್ಟದ ರೈಲು ಕೂನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ರೈಲು ಬಂದರೆ ಗಾಡಿ ಸಾಯುತ್ತದೆಂದು ಊಹಿಸುವುದು ಸುಲಭ, ಆದದ್ದು ತದ್ವಿರುದ್ಧ. ಒಂದೊಂದು ಸ್ಟೇಷನ್ನೂ ಸುತ್ತಲ ನೂರಾರು ಹಳ್ಳಿಗಳಿಂದ ಗಾಡಿಗಳನ್ನು ತನ್ನ ಕಡೆಗೆ ಎಳೆದುಕೊಂಡಿತು. 1871ರ ಮದರಾಸು ಲೋಕಲ್ ಫಂಡ್ ಕಾನೂನು ರಸ್ತೆಗಳಿಗೆಂದೇ ಕಂದಾಯದ ಮೇಲೆ ಸೆಸ್ ಹಾಕಿತು, ಸುಂಕದ ಗೇಟುಗಳನ್ನು ನಿಲ್ಲಿಸಿತು; ಕಲ್ಲೊಡೆದು ಹಾಸಿದ ಜಲ್ಲಿ ರಸ್ತೆ ಪಲ್ಲಡಂ, ಧಾರಾಪುರಂ, ಉಡುಮಲೈಪೇಟೆ, ಪೊಳ್ಳಾಚಿಗಳನ್ನು ಹೆಣೆಯತೊಡಗಿತು. 1888ರಲ್ಲಿ ಕೊಯಮತ್ತೂರಿನಲ್ಲಿ ಸ್ಟೇನ್ಸ್ ಎಂಬವನ ನೂಲಿನ ಗಿರಣಿ ಶುರುವಾದ ಮೇಲೆ ಹತ್ತಿಯ ಗಾಡಿ, 1890ರ ದಶಕದಲ್ಲಿ ಆನೆಮಲೆಯ ತೋಟಗಳು ತೆರೆದ ಮೇಲೆ ಬೆಟ್ಟದ ಗಾಡಿ, 20ನೆಯ ಶತಮಾನದ ಮೊದಲಲ್ಲಿ ಕಂಬೋಡಿಯಾ ಹತ್ತಿ ಹಬ್ಬಿದ ಮೇಲೆ ತಿರುಪ್ಪೂರಿನ ಜಿನ್ನುಗಳ ಬಾಗಿಲಲ್ಲಿ ಮತ್ತಷ್ಟು ಗಾಡಿ.

ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಗಾಡಿ, ಅದರಡಿ ಒಡೆದ ಕಲ್ಲಿನ ಹಾಸು, ದಿನಕ್ಕಿಷ್ಟು ಮೈಲಿ ಎಂಬ ಬಾಡಿಗೆಯ ಕರಾರು: ಈ ಮೂರೂ ಸೇರಿದಾಗ ತಿಂಗಳಿಗೆ 5 ಮಿಲಿಮೀಟರ್ ಬೆಳೆಯುವ ಗೊರಸು ಸೋಲುತ್ತದೆ. ಬಿಡುವು ಕೊಟ್ಟರೆ ಮತ್ತೆ ಬೆಳೆದೀತು, ಆದರೆ ಬಿಡುವೆಂದರೆ ಬಾಡಿಗೆ ಖೋತಾ. ಲಾಳ ಪ್ರಾಣಿಯ ಮೇಲಿನ ಕರುಣೆಯಿಂದ ಬಂತೆಂದು ಹೇಳುವುದು ಕೇಳಲು ಚೆಂದ. ಲೆಕ್ಕ ನೋಡಿದರೆ ಅದು ಎತ್ತಿನ ರಜೆಯನ್ನು ಕೊಂಡುಕೊಂಡ ಬೆಲೆ. ಕೆಲಸ ನಡೆಯುವುದನ್ನು ಕಂಡರೆ ಈ ಮಾತು ಕಟುವೆನಿಸದು. ಕುದುರೆ ನಿಂತೇ ಕಾಲು ಕೊಡುತ್ತದೆ, ಎತ್ತು ಕೊಡದು. ಹೊಟ್ಟೆಯ ಸುತ್ತ, ಕಾಲುಗಳ ನಡುವೆ ಹಗ್ಗ ಹಾಯಿಸಿ ಒಂದೇ ಸೆಳೆತಕ್ಕೆ ಅದನ್ನು ಪಕ್ಕಕ್ಕೆ ಕೆಡಹುತ್ತಾರೆ. ಒಬ್ಬ ಕೊಂಬು ಹಿಡಿದು ಕುತ್ತಿಗೆ ಒತ್ತಿ ಕೂರುತ್ತಾನೆ. ನಾಲ್ಕೂ ಕಾಲು ಸೇರಿಸಿ ಕಟ್ಟಿ, ಗೊರಸುಗಳು ಮೇಲ್ಮುಖವಾಗುವಂತೆ ಕೋಲಿನ ಆನಿಕೆ ಕೊಡುತ್ತಾರೆ. ಲಾಳದವನು ಹರಿತ ಉಳಿಯಿಂದ ಅಡಿಯ ಸತ್ತ ಪದರವನ್ನು ಹೆರೆಯುತ್ತಾನೆ, ಎಲೆಯ ಆಕಾರದ ತಗಡನ್ನು ಇಟ್ಟು ನೋಡುತ್ತಾನೆ, ಬಾಗು ಸಾಲದಿದ್ದರೆ ಅಡಿಗಲ್ಲಿನ ಮೇಲೆ ತಟ್ಟುತ್ತಾನೆ. ತೂತುಗಳು ತಗಡಿನ ಹೊರ ಅಂಚಿನಲ್ಲಿ ಮಾತ್ರ. ಮೊಳೆ ಹೊರಕ್ಕೆ ಓರೆಯಾಗಿ ಹೋಗಿ ಗೊರಸಿನ ಗೋಡೆಯಿಂದ ತುದಿ ಚಾಚಬೇಕು. ಆ ತುದಿಯನ್ನು ತಿರುಚಿ ಮುರಿದು, ಉಳಿದ ಮೊಳಕೆಯನ್ನು ಮಡಿಸಿ ತಟ್ಟುತ್ತಾನೆ. ಎತ್ತಿನ ಗೋಡೆ ಕುದುರೆಯದಕ್ಕಿಂತ ತೆಳು. ಮೊಳೆ ಕೂದಲೆಳೆಯಷ್ಟು ಒಳಗೆ ವಾಲಿದರೆ ಜೀವದ ಭಾಗಕ್ಕೆ ತಾಗಿ ಕೀವು ಕಟ್ಟುತ್ತದೆ. ಎಂಟು ತಗಡು ಮುಗಿದು ಹಗ್ಗ ಬಿಚ್ಚಿದಾಗ ಎತ್ತು ಎದ್ದು ನಿಂತು ಹೆಜ್ಜೆಯನ್ನು ಅನುಮಾನದಿಂದ ಎತ್ತಿಡುತ್ತದೆ. ತಮಿಳುನಾಡಿನಲ್ಲಿ ಪೊಲೀಸ್ ಠಾಣೆಯಲ್ಲಿ ಅಂಗಾಲಿಗೆ ಹೊಡೆಯುವುದಕ್ಕೆ ‘ಲಾಡಂ ಕಟ್ಟುವುದು’ ಎಂಬ ಮಾತು ಹುಟ್ಟಿದ್ದು ಈ ದೃಶ್ಯದಿಂದಲೇ.

ಈ ಕತೆ ಕೊಂಗಿಗೆ ಮಾತ್ರ ಸೇರಿದ್ದಲ್ಲ ಎಂಬುದು ವಾದಕ್ಕೆ ಬಲ. ಬ್ರಿಟನ್ನಿನ ವೇಲ್ಸ್ ಬೆಟ್ಟಗಳ ದನವನ್ನು ಲಂಡನ್ ಕಡೆಯ ಸಂತೆಗಳಿಗೆ ನೂರಾರು ಮೈಲಿ ನಡೆಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಅವಕ್ಕೂ ಗೊರಸಿಗೆ ಎರಡರಂತೆ ತಗಡು ಬಡಿಯುತ್ತಿದ್ದರು, ಹೀಗೇ ನೆಲಕ್ಕೆ ಕೆಡಹಿ. ಬೆಟ್ಟದಲ್ಲಿ ಮೇಯುವಾಗ ಇಲ್ಲದ ಲಾಳ ದಾರಿಗೆ ಹೊರಡುವ ಹೊತ್ತಿಗೆ ಬೇಕಾಗುತ್ತಿತ್ತು. 19ನೆಯ ಶತಮಾನದ ನಡುವಿನಲ್ಲಿ ರೈಲು ದನವನ್ನೇ ಹೊತ್ತು ಒಯ್ಯತೊಡಗಿದಾಗ ಆ ಕಸುಬು ಕರಗಿತು. ಇದಕ್ಕೆ ಎದುರಾಗಿ ಸಸೆಕ್ಸಿನ ಉದಾಹರಣೆ ಕೊಡಬಹುದು: ಅಲ್ಲಿ ಉಳುವ ಎತ್ತಿಗೂ ಲಾಳವಿತ್ತು. ಸರಿ, ಆದರೆ ಸಸೆಕ್ಸಿನ ಗುಡ್ಡದ ಹೊಲಗಳು ಚಕಮಕಿ ಕಲ್ಲಿನ ಚೂರುಗಳಿಂದ ತುಂಬಿದವು. ಅಲ್ಲಿ ಹೊಲವೇ ಒಡೆದ ಕಲ್ಲಿನ ರಸ್ತೆ. ಲಾಳ ಎಲ್ಲಿ ಬೇಕೆಂಬುದನ್ನು ನೇಗಿಲೋ ಗಾಡಿಯೋ ತೀರ್ಮಾನಿಸುವುದಿಲ್ಲ, ಕಾಲಡಿಯ ಕಲ್ಲು ತೀರ್ಮಾನಿಸುತ್ತದೆ ಎಂಬುದಕ್ಕೆ ಸಸೆಕ್ಸ್ ಅಪವಾದವಲ್ಲ, ಇನ್ನೊಂದು ಪುರಾವೆ.

ಹಳ್ಳಿಯ ಹಿರಿಯರ ಆಕ್ಷೇಪ ಬೇರೆ ಬಗೆಯದು: ಬಾಡಿಗೆಗೆ ಹೋಗದ ಒಕ್ಕಲು ಮನೆಯ ಎತ್ತಿಗೂ ಲಾಳ ಕಟ್ಟಿಸುತ್ತಿದ್ದರಲ್ಲ? ಕಟ್ಟಿಸುತ್ತಿದ್ದರು. ಆದರೆ ಒಂದೇ ಜೋಡಿ ಮಳೆಗಾಲಕ್ಕೆ ನೇಗಿಲಿಗೆ, ಸುಗ್ಗಿ ಮುಗಿದ ಮೇಲೆ ಗಾಡಿಗೆ. ತನ್ನ ಹತ್ತಿಯನ್ನು ತಾನೇ ಜಿನ್ನಿಗೆ ಒಯ್ಯುವವನು, ಬೇಸಿಗೆಯ ಬಿಡುವಿನಲ್ಲಿ ಗೊಬ್ಬರವನ್ನೋ ಕಲ್ಲನ್ನೋ ಹೇರಿ ನಾಲ್ಕು ಕಾಸು ಸಂಪಾದಿಸುವವನು ಕೂಡ ರಸ್ತೆಗೆ ಬಿದ್ದವನೇ. ಲಾಳ ಕಟ್ಟಿದ ಎತ್ತಿನ ಟಕಟಕ ಸದ್ದಿಗೆ ಒಂದು ಗತ್ತೂ ಬಂತು. ಬೇಕಿರಲಿ ಬೇಡವಿರಲಿ, ಸಂತೆಗೆ ಹೋಗುವ ಜೋಡಿಗೆ ಅದು ಅಲಂಕಾರವಾಯಿತು. ರೂಢಿ ಹೀಗೆ ಗಾಡಿಯವರಿಂದ ಒಕ್ಕಲಿಗೆ ಹರಿಯಿತೇ ಹೊರತು ಒಕ್ಕಲಿನಿಂದ ಗಾಡಿಯವರಿಗಲ್ಲ.

ಇದನ್ನು ಪರೀಕ್ಷಿಸಲು ಹುಟ್ಟಿಗಿಂತ ಸಾವು ಒಳ್ಳೆಯ ಸಾಕ್ಷಿ. ಲಾಳ ಬೇಸಾಯದ್ದಾಗಿದ್ದರೆ ಬೇಸಾಯದ ಎತ್ತಿನ ಜೊತೆ ಹೋಗಬೇಕಿತ್ತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದ ಜಲವಿದ್ಯುತ್ತು ಕೊಯಮತ್ತೂರಿಗೆ ಇಳಿದು, ಗಿರಣಿಗಳ ಜೊತೆಗೆ ಬಾವಿಗಳಿಗೂ ಹರಿಯತೊಡಗಿತು. ಮುಂದಿನ ದಶಕಗಳಲ್ಲಿ ಪಂಪ್‌ಸೆಟ್ಟು ಕಪಿಲೆಯ ಹಾದಿಗಳನ್ನು ಒಂದೊಂದಾಗಿ ಮುಚ್ಚಿಸಿತು. ಕೊಂಗಿನ ಎತ್ತು ತನ್ನ ಅತಿ ದೊಡ್ಡ ಕೆಲಸವನ್ನು ಕಳೆದುಕೊಂಡದ್ದು ಆಗಲೇ. ಲಾಳದ ಕಸುಬು ಮಾತ್ರ ಆಗ ಅಲುಗಲಿಲ್ಲ, ಏಕೆಂದರೆ ಕಪಿಲೆಯ ಎತ್ತು ಅದರ ಗಿರಾಕಿಯೇ ಆಗಿರಲಿಲ್ಲ. ಅದನ್ನು ಕೆಡಹಿದ್ದು ಲಾರಿ, ಕೊನೆಗೆ ಸಂದುಗೊಂದಿಗೂ ನುಗ್ಗುವ ಪುಟ್ಟ ಟೆಂಪೊ. ಸರಕು ರಸ್ತೆಯ ಎತ್ತನ್ನು ಬಿಟ್ಟ ದಿನ ಲಾಳವೂ ಬಿಟ್ಟಿತು. ಉಳುವ ಎತ್ತನ್ನು ಟ್ರ್ಯಾಕ್ಟರ್ ಪೂರ್ತಿ ಹೊರದೂಡಲು ಇನ್ನೂ ಸಮಯವಿತ್ತು. 2017ರ ಜನವರಿಯಲ್ಲಿ ಜಲ್ಲಿಕಟ್ಟಿನ ಪರವಾಗಿ ಚೆನ್ನೈನ ಮರೀನಾದಲ್ಲಿ ಜನ ಸೇರಿದಾಗ ಕಾಂಗೇಯಂ ಹೋರಿ ಫಲಕಗಳ ಮೇಲೂ ಅಂಗಿಗಳ ಮೇಲೂ ತಮಿಳರ ಪ್ರಾಚೀನತೆಯ ಗುರುತಾಗಿ ನಿಂತಿತು. ತಳಿಯ ಮಟ್ಟಿಗೆ ಆ ಹೆಮ್ಮೆಗೆ ಆಧಾರವಿದೆ. ಅದರ ಕಾಲಿಗೆ ಕಬ್ಬಿಣ ಕಟ್ಟಿದ ಕಾಲದ ಮಟ್ಟಿಗೆ ನಾವು ನೆನೆಯಬೇಕಾದದ್ದು ಉಮಣರನ್ನಲ್ಲ, ಲೋಕಲ್ ಫಂಡಿನ ಜಲ್ಲಿಯನ್ನು, ಮೆಟ್ಟುಪಾಳ್ಯದ ಗೂಡ್ಸ್ ಶೆಡ್ಡನ್ನು, ಹತ್ತಿಯ ಬಾಡಿಗೆಯನ್ನು.